ಕುಡಿಯುವ ನೀರಿನ ಪರೀಕ್ಷೆಯ ಪ್ರಾಯೋಗಿಕ ಯೋಜನೆ: ಸ್ವಯಂಸೇವಕರ ನಿರ್ವಹಣಾ ತಂತ್ರಾಂಶದ ಬಳಕೆ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

1. ಪೀಠಿಕೆ

ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕುಡಿಯುವ ನೀರನ್ನೂ ಹೆಸರಿಸಿದೆ. 2019ರ ಆಗಸ್ಟ್ 15ರಂದು ಘೋಷಿತವಾಗಿ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೊಂಡ ಜಲ ಜೀವನ್ ಮಿಷನ್, ಪ್ರತಿ ಗ್ರಾಮೀಣ ಕುಟುಂಬಕ್ಕೂ ನಲ್ಲಿಯ ಮೂಲಕ ತಲಾ 55 ಲೀಟರ್ ನೀರನ್ನು ನಿಗದಿತ ಗುಣಮಟ್ಟದಲ್ಲಿ ಪ್ರತಿದಿನ ಒದಗಿಸುವ ಗುರಿ ಹೊಂದಿದೆ. ನೀರಿನ ಪ್ರಮಾಣವನ್ನು ಕಣ್ಣಿನಿಂದ ಕಾಣಬಹುದು. ಗುಣಮಟ್ಟವನ್ನು ಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ಆದ್ದರಿಂದಲೇ ಪ್ರತಿ ಗ್ರಾಮದಲ್ಲಿ ಐವರಿಗೆ, ಅದರಲ್ಲಿಯೂ ಮಹಿಳೆಯರಿಗೆ ಆದ್ಯತೆ ನೀಡಿ, ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಮಿಷನ್‌ನ ಮಾರ್ಗಸೂಚಿ ಹೇಳುತ್ತದೆ.

ತರಬೇತಿ ಮುಗಿದು ಕಿಟ್ ಹಸ್ತಾಂತರವಾದ ಮಾತ್ರಕ್ಕೆ ಕೆಲಸ ಪೂರ್ಣವಾಗುವುದಿಲ್ಲ. ಯಾವ ನಲ್ಲಿಯನ್ನು ಯಾರು, ಯಾವ ದಿನ ಪರೀಕ್ಷಿಸಿದರು, ಫಲಿತಾಂಶ ಕೆಟ್ಟದ್ದಾಗಿದ್ದರೆ ಮುಂದೆ ಏನಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಕಿಟ್‌ನ ರಾಸಾಯನಿಕಗಳಿಗೆ ಅವಧಿ ಮೀರುವ ದಿನಾಂಕವಿರುತ್ತದೆ; ಬೀರುವಿನಲ್ಲಿಯೇ ಉಳಿದ ಕಿಟ್ ಯಾರಿಗೂ ಉಪಯೋಗವಿಲ್ಲ. ಈ ಕೊರತೆಯನ್ನು ನೀಗಲು ಸ್ವಯಂಸೇವಕರ ನಿರ್ವಹಣಾ ತಂತ್ರಾಂಶವನ್ನು ಹೇಗೆ ಬಳಸಬಹುದು, ಅದಕ್ಕೂ ಮುನ್ನ ಒಂದು ಸಣ್ಣ ಪ್ರಾಯೋಗಿಕ ಯೋಜನೆಯನ್ನು ಹೇಗೆ ನಡೆಸಬಹುದು ಎಂಬುದೇ ಈ ಪಾಠದ ವಿಷಯ.

2. ಪ್ರಾಯೋಗಿಕ ಯೋಜನೆ ಎಂದರೇನು?

ಪ್ರಾಯೋಗಿಕ ಯೋಜನೆಯೆಂದರೆ ದೊಡ್ಡ ಯೋಜನೆಯ ಉದ್ಘಾಟನೆಯಲ್ಲ. ಹೊಸ ತಳಿಯ ಭತ್ತವನ್ನು ರೈತನು ಮೊದಲ ವರ್ಷ ಒಂದು ಮಡಿಯಲ್ಲಿ ಮಾತ್ರ ನಾಟಿ ಮಾಡಿ ನೋಡುವಂತೆ, ಸಣ್ಣ ವ್ಯಾಪ್ತಿಯಲ್ಲಿ, ನಿಗದಿತ ಅವಧಿಗೆ ಮಾಡಿ ನೋಡುವ ಕ್ರಮವದು. ಅದಕ್ಕೆ ಮೂರು ಲಕ್ಷಣಗಳಿರಬೇಕು: ಆರಂಭ ಮತ್ತು ಮುಕ್ತಾಯದ ದಿನಾಂಕ; ಉತ್ತರ ಬೇಕಾಗಿರುವ ಒಂದೆರಡು ಸ್ಪಷ್ಟ ಪ್ರಶ್ನೆಗಳು; ಫಲಿತಾಂಶ ನೋಡಿ ಮುಂದುವರಿಸುವ, ತಿದ್ದುವ ಅಥವಾ ನಿಲ್ಲಿಸುವ ಸ್ವಾತಂತ್ರ್ಯ.

ಒಂದು ಗ್ರಾಮಕ್ಕೆ ಹೊಂದುವ ಲೆಕ್ಕವನ್ನು ಉದಾಹರಣೆಯಾಗಿ ನೋಡಬಹುದು. ಐವರು ಸ್ವಯಂಸೇವಕಿಯರು, 10 ಪರೀಕ್ಷಾ ಸ್ಥಳಗಳು, 12 ವಾರಗಳು. ಪ್ರತಿ ಸ್ಥಳದಲ್ಲಿ 15 ದಿನಕ್ಕೊಮ್ಮೆ ಪರೀಕ್ಷೆ ನಡೆದರೆ ಆರು ಸುತ್ತುಗಳಲ್ಲಿ ಒಟ್ಟು 60 ಪರೀಕ್ಷೆಗಳು, ತಲಾ 12. ಹೊಲ, ಮನೆ, ಹೈನು ಎಲ್ಲವನ್ನೂ ನಿಭಾಯಿಸುವ ಮಹಿಳೆಗೆ ಇದು ಹೊರೆಯಾಗದ ಪ್ರಮಾಣ. ಸುತ್ತುಸುತ್ತಿಗೂ ನೋಡಬೇಕಾದದ್ದು ಉಳಿಕೆ ಕ್ಲೋರಿನ್ ಮತ್ತು ಬ್ಯಾಕ್ಟೀರಿಯಾ. ಫ್ಲೋರೈಡ್, ಗಡಸುತನ ಮುಂತಾದವು 15 ದಿನಗಳಲ್ಲಿ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಅವನ್ನು ಅವಧಿಯ ಆರಂಭದಲ್ಲಿ ಮೂಲದ ಬಳಿ ಒಮ್ಮೆ ಪರೀಕ್ಷಿಸಿದರೆ ಸಾಕು. ಅವಧಿಯು ಮಳೆಗಾಲದ ಆರಂಭವನ್ನು ಒಳಗೊಂಡಿದ್ದರೆ ಒಳ್ಳೆಯದು. ಮೊದಲ ಮಳೆಯ ನೀರು ಚರಂಡಿಯ ಕೊಳೆಯನ್ನು ಒಡೆದ ಕೊಳವೆಯೊಳಗೆ ಸೇರಿಸುವುದು ಆ ದಿನಗಳಲ್ಲಿಯೇ.

3. ಸ್ಥಳಗಳ ಆಯ್ಕೆ

ಮೂರು ತಾಲ್ಲೂಕುಗಳಲ್ಲಿಯೂ ನೀರಿನ ಸ್ಥಿತಿ ಒಂದೇ ಬಗೆಯದಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ಕಬ್ಬಿಗೆ ಯೂರಿಯಾ ಬಳಕೆ ಹೆಚ್ಚು. ಬೆಳೆ ಹೀರದೆ ಉಳಿದ ಸಾರಜನಕವು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕೊಟ್ಟಿಗೆಯ ಗುಂಡಿ ಮತ್ತು ಶೌಚಗುಂಡಿಗಳೂ ಇದಕ್ಕೆ ಕಾರಣ. ನಾಲೆ ತಲುಪದ ಮಳೆಯಾಶ್ರಿತ ಗ್ರಾಮಗಳು ಆಳವಾದ ಕೊಳವೆಬಾವಿಗಳನ್ನು ಅವಲಂಬಿಸಿವೆ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಸೇರುವ ಸಾಧ್ಯತೆಯಿರುತ್ತದೆ. ಮದ್ದೂರಿನಲ್ಲಿ ಶಿಂಷೆ, ಮಳವಳ್ಳಿಯ ಅಂಚಿನಲ್ಲಿ ಕಾವೇರಿ ಹರಿಯುತ್ತವೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಬೆಂಗಳೂರಿಗೆ ಕಾವೇರಿ ನೀರು ಪಂಪಾಗುತ್ತಿದೆ. ನಗರಕ್ಕೆ ಹೋಗುವ ನೀರಿಗೆ ಇರುವ ಪರೀಕ್ಷೆಯ ಶಿಸ್ತು ಪಕ್ಕದ ಹಳ್ಳಿಯ ನಲ್ಲಿಗೂ ಇರಬೇಕೆಂದು ಬಯಸುವುದು ನ್ಯಾಯವೇ ಆಗಿದೆ.

ಆದ್ದರಿಂದ ಅಚ್ಚುಕಟ್ಟಿನ ಒಂದು ಗ್ರಾಮ, ಕೊಳವೆಬಾವಿ ಆಶ್ರಿತ ಒಂದು ಗ್ರಾಮ, ನದಿ ಮೂಲದ ನೀರು ಪಡೆಯುವ ಒಂದು ಗ್ರಾಮ ಎಂದು ಆರಿಸಿಕೊಂಡರೆ ಪ್ರಯೋಗದಿಂದ ಹೆಚ್ಚು ತಿಳಿಯುತ್ತದೆ. ಪ್ರತಿ ಗ್ರಾಮದ 10 ಸ್ಥಳಗಳಲ್ಲಿ ನೀರಿನ ಮೂಲ, ಮೇಲ್ತೊಟ್ಟಿಯ ಹೊರದಾರಿ, ಶುದ್ಧ ನೀರಿನ ಘಟಕ, ಶಾಲೆ, ಅಂಗನವಾಡಿ ಹಾಗೂ ಕೊಳವೆಮಾರ್ಗದ ಕೊನೆಯ ಮನೆಗಳು ಸೇರಿರಬೇಕು. ಕೊನೆಯ ಮನೆಗಳು ಅನೇಕ ಊರುಗಳಲ್ಲಿ ಕಾಲೋನಿಯ ಮನೆಗಳಾಗಿರುತ್ತವೆ ಎಂಬುದನ್ನು ಮರೆಯಬಾರದು.

4. ತಂತ್ರಾಂಶದ ಕಾರ್ಯ

ಇಂತಹ ವ್ಯವಸ್ಥೆ ನಮ್ಮ ರೈತರಿಗೆ ಅಪರಿಚಿತವಲ್ಲ. ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ಗ್ರಾಮದ ಯುವಕರು ‘ಖಾಸಗಿ ನಿವಾಸಿ’ಗಳಾಗಿ ನೋಂದಾಯಿಸಿಕೊಂಡು, ಮೊಬೈಲ್ ಆ್ಯಪ್ ತೋರಿಸುವ ಸರ್ವೆ ನಂಬರಿಗೆ ಹೋಗಿ, ಅಲ್ಲಿಯೇ ನಿಂತು ಬೆಳೆಯ ಛಾಯಾಚಿತ್ರ ತೆಗೆದು ಕಳುಹಿಸುತ್ತಾರೆ, ಮೇಲ್ವಿಚಾರಕರು ಪರಿಶೀಲಿಸುತ್ತಾರೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಅವಕಾಶವೂ ದೊರೆಯಿತು. ಅಲ್ಲಿ ಖಾಸಗಿ ನಿವಾಸಿಗಳಿಗೆ ಸಂಭಾವನೆ ಇದೆ, ಸ್ವಯಂಸೇವೆಯಲ್ಲಿ ಇಲ್ಲ. ಆದರೆ ವ್ಯಕ್ತಿ, ಸ್ಥಳ, ದಿನಾಂಕ, ಪುರಾವೆ, ಪರಿಶೀಲನೆ ಎಂಬ ಸರಪಳಿ ಎರಡರಲ್ಲಿಯೂ ಒಂದೇ.

ಸ್ವಯಂಸೇವಕರ ನಿರ್ವಹಣಾ ತಂತ್ರಾಂಶವು ಮುಖ್ಯವಾಗಿ ಐದು ಕೆಲಸಗಳನ್ನು ಮಾಡುತ್ತದೆ:

ಅ) ನೋಂದಣಿ: ಹೆಸರು, ವಾರ್ಡ್, ಪಡೆದ ತರಬೇತಿ, ಬಿಡುವಿನ ಸಮಯ.
ಆ) ಹಂಚಿಕೆ: ಯಾರಿಗೆ ಯಾವ ಎರಡು ಸ್ಥಳಗಳು, ಯಾವ ದಿನ.
ಇ) ಜ್ಞಾಪನೆ: ಹಿಂದಿನ ಸಂಜೆ ಸಂದೇಶ, ಬರಲಾಗದಿದ್ದರೆ ಬದಲಿ ವ್ಯಕ್ತಿಗೆ ಸೂಚನೆ.
ಈ) ದಾಖಲೆ: ಫಲಿತಾಂಶ, ಬಣ್ಣಪಟ್ಟಿಯ ಛಾಯಾಚಿತ್ರ, ಸಮಯ, ಸ್ಥಳ.
ಉ) ಅನುಸರಣೆ: ಫಲಿತಾಂಶದ ಮೇಲೆ ಯಾರು ಏನು ಕ್ರಮ ಕೈಗೊಂಡರು, ಯಾವಾಗ ಮುಗಿಯಿತು.

ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಓಪನ್ ಡೇಟಾ ಕಿಟ್, ಕೋಬೋ ಟೂಲ್‌ಬಾಕ್ಸ್ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಕನ್ನಡದಲ್ಲಿಯೇ ನಮೂನೆ ಸಿದ್ಧಪಡಿಸಬಹುದು. ಸಿಗ್ನಲ್ ಇಲ್ಲದ ಕಡೆ ತುಂಬಿಸಿ, ಸಿಗ್ನಲ್ ಬಂದಾಗ ಕಳುಹಿಸಬಹುದು. ಹಂಚಿಕೆ ಮತ್ತು ಅನುಸರಣೆಗೆ ಕಚೇರಿಯ ಕಂಪ್ಯೂಟರಿನ ಒಂದು ಸ್ಪ್ರೆಡ್‌ಶೀಟ್ ಸಾಕು. ಜಲ ಜೀವನ್ ಮಿಷನ್‌ನ ನೀರಿನ ಗುಣಮಟ್ಟ ಪೋರ್ಟಲ್‌ನಲ್ಲಿಯೂ ಕಿಟ್ ಫಲಿತಾಂಶಗಳನ್ನು ದಾಖಲಿಸಬೇಕಾಗಿದೆ. ಒಂದೇ ಫಲಿತಾಂಶವನ್ನು ಸ್ವಯಂಸೇವಕಿ ಎರಡು ಬಾರಿ ಬರೆಯುವಂತಾಗಬಾರದು. ಪೋರ್ಟಲ್‌ಗೆ ವರ್ಗಾಯಿಸುವ ಕೆಲಸವನ್ನು ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್‌ಗೆ ವಹಿಸಬೇಕು.

5. ಫಲಿತಾಂಶಕ್ಕೆ ಮೊದಲೇ ನಿರ್ಧಾರ

ಮೇಲಿನ ಐದರಲ್ಲಿ ನಾಲ್ಕನ್ನು ತಂತ್ರಾಂಶವೇ ಬಹುಮಟ್ಟಿಗೆ ನಿಭಾಯಿಸುತ್ತದೆ. ಐದನೆಯದನ್ನು ಪಂಚಾಯಿತಿಯೇ ಮಾಡಬೇಕು. ಸೀಸೆ ಕಪ್ಪಾಗಿದೆ ಎಂದು ತಿಳಿಸಿದ ಮಹಿಳೆಗೆ ಹದಿನೈದು ದಿನವಾದರೂ ಉತ್ತರ ಬರದಿದ್ದರೆ ಆಕೆ ಮುಂದಿನ ಸುತ್ತಿಗೆ ಬರುವುದಿಲ್ಲ. ಯಾವ ಜ್ಞಾಪನಾ ಸಂದೇಶವೂ ಆಕೆಯನ್ನು ಕರೆತರಲಾರದು. ಸ್ವಯಂಸೇವಕರು ಹಿಂದೆ ಸರಿಯಲು ಸಮಯದ ಅಭಾವಕ್ಕಿಂತ ತಮ್ಮ ಕೆಲಸದಿಂದ ಏನೂ ಆಗಲಿಲ್ಲವೆಂಬ ಭಾವನೆಯೇ ದೊಡ್ಡ ಕಾರಣವಾಗಬಲ್ಲದು. ಆದ್ದರಿಂದ ಮೊದಲ ಪರೀಕ್ಷೆಗೂ ಮುನ್ನವೇ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನಂತೆ ನಿರ್ಣಯ ಮಾಡಿಕೊಳ್ಳುವುದು ಅವಶ್ಯ:

ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ: ನೀರುಗಂಟಿಯು ಅದೇ ದಿನ ಕ್ಲೋರಿನೀಕರಣ ಸರಿಪಡಿಸುವುದು, ಮರುದಿನ ಮರುಪರೀಕ್ಷೆ.

ಬ್ಯಾಕ್ಟೀರಿಯಾ ಪರೀಕ್ಷೆಯ ಸೀಸೆ 24ರಿಂದ 48 ಗಂಟೆಗಳಲ್ಲಿ ಕಪ್ಪಾದರೆ: ಕೂಡಲೇ ನೀರನ್ನು ಕುದಿಸಿ ಕುಡಿಯುವಂತೆ ಮನೆಮನೆಗೆ ತಿಳಿಸುವುದು, ತೊಟ್ಟಿ ಮತ್ತು ಚರಂಡಿ ದಾಟುವ ಕೊಳವೆಗಳ ತಪಾಸಣೆ, ಪ್ರಯೋಗಾಲಯಕ್ಕೆ ಮಾದರಿ ರವಾನೆ.

ನೈಟ್ರೇಟ್ 45 ಮಿಲಿಗ್ರಾಂ ಮೀರಿದರೆ: ಹಸುಗೂಸುಗಳಿರುವ ಮನೆಗಳಿಗೆ ಮೊದಲು ಸೂಚನೆ ಮತ್ತು ಪರ್ಯಾಯ ನೀರು. ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ, ಸಾಂದ್ರತೆ ಹೆಚ್ಚುತ್ತದೆ. ಈ ವ್ಯತ್ಯಾಸವನ್ನು ಜನರಿಗೆ ಸ್ಪಷ್ಟವಾಗಿ ಹೇಳಬೇಕು.

ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದರೆ: ಪ್ರಯೋಗಾಲಯದ ದೃಢೀಕರಣ, ಆ ಮೂಲವನ್ನು ಕುಡಿಯಲು ಯೋಗ್ಯವಲ್ಲವೆಂದು ಗುರುತಿಸುವುದು, ಪರ್ಯಾಯ ಮೂಲದ ಪ್ರಸ್ತಾವನೆ.

ಕಿಟ್ ಫಲಿತಾಂಶವು ಸೂಚನೆ ಮಾತ್ರ, ಅಂತಿಮ ತೀರ್ಪಲ್ಲ. 60ರಲ್ಲಿ ಆರು ಮಾದರಿಗಳನ್ನು, ಅಂದರೆ ಹತ್ತಕ್ಕೆ ಒಂದರಂತೆ, ಪ್ರಯೋಗಾಲಯದಲ್ಲಿಯೂ ಪರೀಕ್ಷಿಸಿ ಹೋಲಿಸಿದರೆ ಸ್ವಯಂಸೇವಕಿಯರ ಕೈ ಎಷ್ಟು ಪಳಗಿದೆ ಎಂಬುದು ತಿಳಿಯುತ್ತದೆ. ಆದರೆ ದೃಢೀಕರಣಕ್ಕೆ ಕಾಯುವ ನೆಪದಲ್ಲಿ ಎಚ್ಚರಿಕೆ ನೀಡುವುದನ್ನು ಮುಂದೂಡಬಾರದು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವಿಸಿ ಅನೇಕರು ಅಸ್ವಸ್ಥರಾಗಿ, ಸಾವುಗಳೂ ಸಂಭವಿಸಿದ ಘಟನೆಯನ್ನು ಯಾವ ಜನಪ್ರತಿನಿಧಿಯೂ ಮರೆಯುವಂತಿಲ್ಲ.

6. ಸ್ವಯಂಸೇವಕರ ಮಾಹಿತಿ ಮತ್ತು ಗೌರವ

ನೋಂದಣಿಯಲ್ಲಿ ಅಗತ್ಯವಿರುವಷ್ಟೇ ವಿವರ ಪಡೆಯಬೇಕು. ಆಧಾರ್ ಸಂಖ್ಯೆಯ ಅವಶ್ಯಕತೆ ಇಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯದಂತೆ, ಮಾಹಿತಿ ಯಾವ ಉದ್ದೇಶಕ್ಕೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಸೂಚನಾ ಫಲಕದಲ್ಲಿ ಪರೀಕ್ಷಾ ಸ್ಥಳ ಮತ್ತು ಫಲಿತಾಂಶ ಪ್ರಕಟವಾಗಲಿ. ಪರೀಕ್ಷಿಸಿದವರ ಹೆಸರು ಬೇಡ. ಕೆಟ್ಟ ಫಲಿತಾಂಶ ಬರೆದದ್ದಕ್ಕಾಗಿ ಯಾರೂ ಊರಿನಲ್ಲಿ ಮಾತು ಕೇಳುವಂತಾಗಬಾರದು. ಸ್ವಂತ ಮೊಬೈಲ್ ಇಲ್ಲದವರು ಕಾಗದದ ನಮೂನೆ ತುಂಬಿಸಿ ಕೊಡುವ ಅವಕಾಶವೂ ಇರಲಿ. ಸಂಜೀವಿನಿ ಒಕ್ಕೂಟದ ಸದಸ್ಯೆಯರಲ್ಲಿ ಓದುಬರಹಕ್ಕಿಂತ ನಿಯಮಿತವಾಗಿ ಕೆಲಸ ಮಾಡುವ ಗುಣವನ್ನು ನೋಡಿ ಆರಿಸುವುದು ಸೂಕ್ತ.

7. ಪ್ರಯೋಗದ ಮೌಲ್ಯಮಾಪನ

ಹನ್ನೆರಡು ವಾರಗಳ ನಂತರ ‘60 ಪರೀಕ್ಷೆ ನಡೆದವು’ ಎಂಬ ವರದಿ ಸಾಲದು. ಸದಸ್ಯರು ನಾಲ್ಕು ಅಂಕಿಗಳನ್ನು ಕೇಳಬೇಕು: ನಿಗದಿಯಾದ ಪರೀಕ್ಷೆಗಳಲ್ಲಿ ಎಷ್ಟು ಸಕಾಲದಲ್ಲಿ ನಡೆದವು, ಪ್ರಯೋಗಾಲಯದ ಆರು ಫಲಿತಾಂಶಗಳಲ್ಲಿ ಎಷ್ಟು ಕಿಟ್‌ಗೆ ಹೊಂದಿಕೆಯಾದವು, ಕೆಟ್ಟ ಫಲಿತಾಂಶದಿಂದ ದುರಸ್ತಿಯವರೆಗೆ ಎಷ್ಟು ದಿನ ಹಿಡಿಯಿತು, ಐವರಲ್ಲಿ ಎಷ್ಟು ಜನ ಕೊನೆಯವರೆಗೆ ಉಳಿದರು. ಮೂರನೆಯ ಅಂಕಿ ಪಂಚಾಯಿತಿಯ ಕಾರ್ಯದ ಅಳತೆ. ನಾಲ್ಕನೆಯದು ಬಹುಪಾಲು ಅದರ ಪರಿಣಾಮ. ಮೊದಲ ಸುತ್ತುಗಳಲ್ಲಿ ಕೆಟ್ಟ ಫಲಿತಾಂಶಗಳು ಹೆಚ್ಚಾಗಿ ಕಂಡುಬಂದರೆ ಅದು ಪ್ರಯೋಗದ ಸೋಲಲ್ಲ. ಈವರೆಗೆ ಕಾಣದೆ ಇದ್ದದ್ದು ಕಾಣತೊಡಗಿದೆ ಎಂದು ತಿಳಿಯಬೇಕು. ಈ ವರದಿಯನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಚರ್ಚಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿದ ನಂತರವೇ ಇತರ ಗ್ರಾಮಗಳಿಗೆ ವಿಸ್ತರಿಸುವ ತೀರ್ಮಾನ ಕೈಗೊಳ್ಳುವುದು.

8. ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ವಾರ್ಡಿನಲ್ಲಿ ಕೊಳವೆಮಾರ್ಗದ ಕೊನೆಯ ಮನೆ ಯಾವುದು? ಅಲ್ಲಿಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?
2) ಪಂಚಾಯಿತಿಯಲ್ಲಿರುವ ಕಿಟ್‌ನ ರಾಸಾಯನಿಕಗಳ ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ?
3) ಇಂದು ಸಂಜೆ ಒಂದು ಸೀಸೆ ಕಪ್ಪಾದರೆ, ನಾಳೆ ಬೆಳಗ್ಗೆ ನೀರು ಬಿಡುವ ಮುನ್ನ ಯಾರು ಯಾರಿಗೆ ತಿಳಿಸಬೇಕು?