ಅರ್ಧಕ್ಕೆ ನಿಂತ ಸ್ನಾತಕೋತ್ತರ ಓದು: ಗಳಿಸಿದ ಕ್ರೆಡಿಟ್‌ಗಳನ್ನು ಹೊಸ ಪ್ರವೇಶಕ್ಕೆ ಒಯ್ಯುವುದು ಹೇಗೆ?



ಸ್ನಾತಕೋತ್ತರ ವಿಭಾಗದ ಅರ್ಜಿಗಳನ್ನು ಪರಿಶೀಲಿಸುವಾಗ ಒಂದು ಬಗೆಯ ಅರ್ಜಿ ಪ್ರತಿ ವರ್ಷವೂ ನಮ್ಮ ಕೈಗೆ ಬರುತ್ತದೆ. ಎಂ.ಎ., ಎಂ.ಕಾಂ. ಅಥವಾ ಎಂ.ಎಸ್ಸಿ. ಮೊದಲ ವರ್ಷದ ಶುಲ್ಕಕ್ಕೆ ನೆರವು ಕೇಳಿರುತ್ತಾರೆ. ಲಗತ್ತಿಸಿದ ಅಂಕಪಟ್ಟಿಗಳನ್ನು ತಿರುವಿ ನೋಡಿದರೆ ಅದೇ ವಿಷಯದಲ್ಲಿ, ಬೇರೊಂದು ವಿಶ್ವವಿದ್ಯಾಲಯದಲ್ಲಿ, ಒಂದೋ ಎರಡೋ ಸೆಮಿಸ್ಟರ್ ಆಗಲೇ ಪಾಸಾಗಿರುತ್ತದೆ. ಮದುವೆಯಾಗಿ ಊರು ಬದಲಾದ ಹೆಣ್ಣುಮಗಳು, ತಂದೆ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳಲು ಊರಿಗೆ ಮರಳಿದ ಹಿರಿಯ ಮಗ, ಗಲ್ಫಿನಲ್ಲಿ ಮೂರು ವರ್ಷ ದುಡಿದು ಬಂದವನು. ಕಾರಣ ಬೇರೆ ಬೇರೆ. ಕೇಳಿದರೆ ಬರುವ ಉತ್ತರ ಮಾತ್ರ ಒಂದೇ: ‘ಹಳೆಯದು ಹೋಯಿತು, ಈಗ ಹೊಸದಾಗಿ ಶುರು.’

ಹಳೆಯದು ಹೋಗಿರಲೇಬೇಕೆಂದಿಲ್ಲ. ಈ ಸಾಲಿನ ಅಧ್ಯಯನ ಲೇಖನಕ್ಕೆ ನಾವು ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಟ್ರಸ್ಟಿಗೆ ಬರುವ ಝಕಾತ್ ಮತ್ತು ಸದಕದ ಹಣ ನಮ್ಮ ಬಳಿ ಇರುವ ಅಮಾನತ್. ಒಂದೇ ಪತ್ರಿಕೆಯನ್ನು ಒಬ್ಬರೇ ಎರಡು ಸಲ ಓದಲು ಎರಡು ಸಲ ಶುಲ್ಕ ಕಟ್ಟಿದರೆ, ಆ ಹಣದಲ್ಲಿ ಓದಬಹುದಾಗಿದ್ದ ಇನ್ನೊಂದು ಮಗು ಹೊರಗೆ ಉಳಿಯುತ್ತದೆ. ಹಣಕ್ಕಿಂತ ದೊಡ್ಡದು ಆ ವಿದ್ಯಾರ್ಥಿಯ ಒಂದು ವರ್ಷ. ಮನೆಯವರನ್ನು ಒಪ್ಪಿಸಿ ಓದಿಗೆ ಮರಳಿದ ಹೆಣ್ಣುಮಗಳಿಗೆ ‘ಇನ್ನೊಂದೇ ವರ್ಷ’ ಎನ್ನುವುದಕ್ಕೂ ‘ಇನ್ನೆರಡು ವರ್ಷ’ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ರೆಡಿಟ್ ಎಂದರೆ ಏನು, ಅದು ಎಲ್ಲಿರುತ್ತದೆ

ಒಂದು ಪತ್ರಿಕೆಗೆ ಎಷ್ಟು ಓದು ಬೇಕು ಎಂಬುದರ ಅಳತೆಯೇ ಕ್ರೆಡಿಟ್. ತರಗತಿಯ ಪಾಠವಾದರೆ ಸೆಮಿಸ್ಟರಿನಲ್ಲಿ ಸುಮಾರು 15 ಗಂಟೆಗೆ ಒಂದು ಕ್ರೆಡಿಟ್, ಪ್ರಯೋಗಾಲಯವಾದರೆ 30 ಗಂಟೆಗೆ ಒಂದು. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಪೂರ್ಣ ಶೈಕ್ಷಣಿಕ ವರ್ಷವನ್ನು 40 ಕ್ರೆಡಿಟ್ ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂದರೆ ಸುಮಾರು 80 ಕ್ರೆಡಿಟ್. ನಿಮ್ಮ ಅಂಕಪಟ್ಟಿಯಲ್ಲಿ ಪ್ರತಿ ಪತ್ರಿಕೆಯ ಎದುರು ಇರುವ ಸಣ್ಣ ಅಂಕಿಯನ್ನು ಯಾರೂ ಗಮನಿಸುವುದಿಲ್ಲ, ಎಲ್ಲರ ಕಣ್ಣೂ ಶೇಕಡಾವಾರಿನ ಮೇಲೆ. ಊರು ಬದಲಾದಾಗ ಕೆಲಸಕ್ಕೆ ಬರುವುದು ಆ ಸಣ್ಣ ಅಂಕಿಯೇ.

2021ರ ಜುಲೈಯಲ್ಲಿ ಯುಜಿಸಿ ಒಂದು ನಿಯಮಾವಳಿ ಹೊರಡಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಇಲ್ಲಿ ಜಮಾ ಆಗುವುದು ದುಡ್ಡಲ್ಲ, ಪಾಸಾದ ಪತ್ರಿಕೆಗಳ ಕ್ರೆಡಿಟ್. ವಿದ್ಯಾರ್ಥಿ ಡಿಜಿಲಾಕರ್ ಮೂಲಕ 12 ಅಂಕಿಗಳ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಈಗ ಇದು ಅಪಾರ್ ಸಂಖ್ಯೆ ಎಂದು ಹೆಚ್ಚು ಪರಿಚಿತ. ಕ್ರೆಡಿಟ್‌ಗಳನ್ನು ಅದರಲ್ಲಿ ತುಂಬುವುದು ವಿಶ್ವವಿದ್ಯಾಲಯವೇ ಹೊರತು ವಿದ್ಯಾರ್ಥಿಯಲ್ಲ. ನೀವೇ ಅಂಕಪಟ್ಟಿಯ ಫೋಟೋ ತೆಗೆದು ಕಳುಹಿಸಿದರೆ ಬ್ಯಾಂಕ್ ಅದನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ಓದು ನಿಲ್ಲಿಸುವ ಪರಿಸ್ಥಿತಿ ಬಂದಾಗ ಮಾಡಬೇಕಾದ ಮೊದಲ ಕೆಲಸ, ತಮ್ಮ ಖಾತೆ ತೆರೆದು, ಪಾಸಾದ ಸೆಮಿಸ್ಟರುಗಳ ಕ್ರೆಡಿಟ್ ಅಲ್ಲಿ ಕಾಣುತ್ತಿದೆಯೇ ಎಂದು ನೋಡುವುದು. ಕಾಣದಿದ್ದರೆ ಪರೀಕ್ಷಾ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ವರ್ಷ ಬಿಟ್ಟು ಹೋಗಿ ಕೇಳುವುದಕ್ಕಿಂತ ಕಾಲೇಜಿನಲ್ಲಿ ಗುರುತಿರುವಾಗಲೇ ಕೇಳುವುದು ಸುಲಭ.

ಇಲ್ಲಿ ಮೂರು ಮಿತಿಗಳಿವೆ. ಕ್ರೆಡಿಟ್‌ಗಳಿಗೆ ಗರಿಷ್ಠ 7 ವರ್ಷದ ಆಯುಸ್ಸು. ಒಮ್ಮೆ ಒಂದು ಪದವಿಗಾಗಿ ಬಳಸಿಕೊಂಡ ಕ್ರೆಡಿಟ್ ಖಾತೆಯಿಂದ ಕಳೆದುಹೋಗುತ್ತದೆ, ಮತ್ತೊಂದು ಪದವಿಗೆ ಸಿಗದು, ಬಿ.ಎ.ಯಲ್ಲಿ ಗಳಿಸಿದ್ದನ್ನು ಎಂ.ಎ.ಗೆ ಸೇರಿಸಿ ಎಂದು ಕೇಳುವವರು ಇದನ್ನು ಗಮನಿಸಬೇಕು. ಮೂರನೆಯದಾಗಿ, 2021ರ ನಿಯಮದ ಪ್ರಕಾರ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಗಳಿಸಿರಬೇಕು. ಅಂದರೆ 80ರ ಪದವಿಗೆ ಹೊರಗಿನಿಂದ ತರಬಹುದಾದದ್ದು ಹೆಚ್ಚೆಂದರೆ 40. ಮೂರು ಸೆಮಿಸ್ಟರ್ ಮುಗಿಸಿ ಕೊನೆಯದೊಂದಕ್ಕೆ ಮಾತ್ರ ಊರು ಬದಲಿಸುವ ಯೋಚನೆ ಇದ್ದರೆ, ಹೇಗಾದರೂ ಮಾಡಿ ಅದನ್ನು ಹಳೆಯ ಕಡೆಯೇ ಮುಗಿಸುವುದು ಲೇಸು.

ಜಮಾ ಆಗಿದ್ದರೆ ಸಾಲದು

ಕುಟುಂಬಗಳು ಹೆಚ್ಚು ಎಡವುವುದು ಇಲ್ಲಿ. ಖಾತೆಯಲ್ಲಿ 40 ಕ್ರೆಡಿಟ್ ಕಂಡ ಮಾತ್ರಕ್ಕೆ ಹೊಸ ವಿಶ್ವವಿದ್ಯಾಲಯ ಮೂರನೇ ಸೆಮಿಸ್ಟರಿಗೆ ಸೇರಿಸಿಕೊಳ್ಳಬೇಕೆಂದೇನೂ ಇಲ್ಲ. ಕ್ರೆಡಿಟ್ ಬ್ಯಾಂಕ್ ದಾಖಲೆ ಇಡುತ್ತದೆ, ಒಪ್ಪುವ ಅಧಿಕಾರ ಸೇರಿಸಿಕೊಳ್ಳುವವರದು. ಅವರು ಮೂರು ವಿಷಯ ನೋಡುತ್ತಾರೆ: ಆ ಸೆಮಿಸ್ಟರಿನಲ್ಲಿ ಖಾಲಿ ಸೀಟು ಇದೆಯೇ, ನಿಮ್ಮ ಗ್ರೇಡ್ ಸಾಕೇ, ನೀವು ಓದಿದ ಪಠ್ಯ ಅವರ ಪಠ್ಯಕ್ಕೆ ಹೊಂದುತ್ತದೆಯೇ.

ಕೊನೆಯದೇ ಕಷ್ಟದ್ದು. ಎಂ.ಎಸ್ಸಿ. ರಸಾಯನಶಾಸ್ತ್ರ ತೆಗೆದುಕೊಳ್ಳಿ. ಮೊದಲ ವರ್ಷದಲ್ಲಿ ಸಾವಯವ, ನಿರವಯವ, ಭೌತ ರಸಾಯನಶಾಸ್ತ್ರ ಎಲ್ಲಿ ಓದಿದರೂ ಬಹುಪಾಲು ಒಂದೇ, ಹೊಂದಿಸುವುದು ಸುಲಭ. ಎಂ.ಎ. ಕನ್ನಡ, ಉರ್ದು, ಇತಿಹಾಸದಲ್ಲಿ ಹಾಗಲ್ಲ. ಒಂದು ಕಡೆ ಮೊದಲ ಸೆಮಿಸ್ಟರಿಗೆ ಇಟ್ಟ ಪತ್ರಿಕೆ ಇನ್ನೊಂದು ಕಡೆ ನಾಲ್ಕನೆಯದರಲ್ಲಿ ಇರಬಹುದು. ಉದಾಹರಣೆಗೆ, ತಂದ 40ರಲ್ಲಿ 28 ಹೊಂದಿ 12 ಹೊಂದಲಿಲ್ಲ ಎಂದುಕೊಳ್ಳೋಣ. ಆಗ ಮೂರನೇ ಸೆಮಿಸ್ಟರಿಗೆ ಪ್ರವೇಶ ಕೊಟ್ಟು, ಆ 12 ಕ್ರೆಡಿಟ್‌ನ ಪತ್ರಿಕೆಗಳನ್ನು ಜೊತೆಯಲ್ಲೇ ಬರೆಯಿರಿ ಎನ್ನಬಹುದು. ಅಥವಾ ಎರಡನೇ ಸೆಮಿಸ್ಟರಿಗೆ ಇಳಿಸಬಹುದು. ಎರಡೂ ಮೊದಲಿಂದ ಶುರು ಮಾಡುವುದಕ್ಕಿಂತ ಲಾಭವೇ.

ಈ ಹೋಲಿಕೆ ನಡೆಯುವುದು ಪತ್ರಿಕೆಯ ಹೆಸರಿನ ಮೇಲಲ್ಲ, ಒಳಗಿನ ಘಟಕಗಳ ಮೇಲೆ. ಆದ್ದರಿಂದ ನೀವು ಓದಿದ ವರ್ಷ ಜಾರಿಯಲ್ಲಿದ್ದ ಪಠ್ಯಕ್ರಮದ ಪ್ರತಿ, ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮೊಹರಿನೊಂದಿಗೆ, ನಿಮ್ಮ ಬಳಿ ಇರಬೇಕು. ಪಠ್ಯಕ್ರಮ ಪರಿಷ್ಕರಣೆಯಾದ ಮೇಲೆ ಹಳೆಯದು ಜಾಲತಾಣದಿಂದ ಮಾಯವಾಗುವುದುಂಟು. ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಇಡುವ ನಮ್ಮ ಮನೆಗಳಲ್ಲಿ ಪಠ್ಯಕ್ರಮದ ಹಾಳೆಗಳು ರದ್ದಿಗೆ ಹೋಗುತ್ತವೆ. ಅಂದಹಾಗೆ, ಮೂಲ ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸದಿರುವುದೇ ಒಳ್ಳೆಯದು. ಮುಂದೆ ದೃಢೀಕರಣದ ಮೊಹರು ಹಾಕಿಸಲು ತೊಂದರೆಯಾಗುತ್ತದೆ.

ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ ಇವೂ ಬೇಕು. ಬಾಕಿ ಶುಲ್ಕದ ನೆಪದಲ್ಲಿ ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಂಡಿದೆ ಎಂಬ ದೂರಿನೊಂದಿಗೆ ಬರುವವರಿದ್ದಾರೆ. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಮ್ಮಲ್ಲಿ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಸ್ಪಷ್ಟಪಡಿಸಿದೆ. ಜಗಳಕ್ಕೆ ನಿಲ್ಲುವ ಬದಲು ಆ ಅಧಿಸೂಚನೆಯ ಪ್ರತಿ ಲಗತ್ತಿಸಿ ಪ್ರಾಂಶುಪಾಲರಿಗೆ ಪತ್ರ ಬರೆಯಿರಿ.

ಹೆಸರಿನ ತೊಡಕು

ಇದನ್ನು ನಮ್ಮ ಓದುಗರಿಗಾಗಿಯೇ ಪ್ರತ್ಯೇಕವಾಗಿ ಬರೆಯುತ್ತಿದ್ದೇವೆ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ.ಡಿ.’ ಎಂಬ ಎರಡಕ್ಷರ, ಆಧಾರ್‌ನಲ್ಲಿ ಪೂರ್ತಿ ‘ಮೊಹಮ್ಮದ್’, ಪದವಿಯಲ್ಲಿ ‘ಮಹಮ್ಮದ್’. ಹೆಣ್ಣುಮಕ್ಕಳ ಹೆಸರಿನ ಹಿಂದೆ ಒಂದು ಕಡೆ ಬಾನು, ಇನ್ನೊಂದು ಕಡೆ ಬೇಗಂ, ಮತ್ತೊಂದು ಕಡೆ ಎರಡೂ ಇಲ್ಲ. ಮದುವೆಯ ನಂತರ ಗಂಡನ ಹೆಸರು ಸೇರಿರುತ್ತದೆ. ಮನೆಯಲ್ಲಿ ಇದು ಯಾರಿಗೂ ತೊಂದರೆಯಲ್ಲ. ಆದರೆ ಅಪಾರ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿದ್ದು, ವಿಶ್ವವಿದ್ಯಾಲಯ ಕಳುಹಿಸುವ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಕ್ರೆಡಿಟ್ ಖಾತೆಗೆ ಸೇರುವುದೇ ಕಷ್ಟ.

ನಮ್ಮ ಸಲಹೆ ಇಷ್ಟು: ಎಸೆಸೆಲ್ಸಿ ದಾಖಲೆಯನ್ನೇ ಮೂಲವಾಗಿ ಇಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಸೈಬರ್ ಅಂಗಡಿಯಲ್ಲಿ ಅವಸರದಿಂದ ಮಾಡಿಸಬೇಡಿ. ಓದು ಮುಗಿಯದ ಹೆಣ್ಣುಮಕ್ಕಳು ಮದುವೆಯಾದ ಕೂಡಲೇ ಆಧಾರ್‌ನಲ್ಲಿ ಹೆಸರು ಬದಲಿಸುವ ಅಗತ್ಯವಿಲ್ಲ. ಪದವಿ ಪ್ರಮಾಣಪತ್ರ ಕೈಗೆ ಬರಲಿ, ನಂತರ ಯೋಚಿಸಬಹುದು. ಇದನ್ನು ಅತ್ತೆ ಮನೆಯವರಿಗೆ ತಂದೆತಾಯಿಯೇ ಮೊದಲು ತಿಳಿಸಿದರೆ ಚೆನ್ನ.

ಆನ್‌ಲೈನ್ ಪತ್ರಿಕೆ, ದೂರಶಿಕ್ಷಣ, ಮದರಸಾ ಸನದು

ಮನೆಯಿಂದ ಹೊರಬರಲಾಗದವರಿಗೆ ಸ್ವಯಂ ವೇದಿಕೆ ಒಂದು ದಾರಿ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ಶೇ. 40ರವರೆಗಿನ ಪತ್ರಿಕೆಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅನುಮತಿಸಬಹುದು. ‘ಅನುಮತಿಸಬಹುದು’ ಎಂಬುದನ್ನು ಒತ್ತಿ ಹೇಳುತ್ತೇವೆ. ನೋಂದಣಿಗೆ ಮೊದಲೇ ವಿಭಾಗದ ಒಪ್ಪಿಗೆ ಪಡೆದಿರಬೇಕು. ಕೋರ್ಸ್ ಮುಗಿಸಿ ಪ್ರಮಾಣಪತ್ರ ಹಿಡಿದು ಹೋದರೆ ಅದು ಗೋಡೆಗೆ ತೂಗುಹಾಕುವ ಪತ್ರವಾಗಿ ಉಳಿಯಬಹುದು.

ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಯ ಪದವಿಗಳಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಹೇಳಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೊ, ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಇವು ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸುವ ಸಂಸ್ಥೆಗಳು. ಹಳೆಯ ಕ್ರೆಡಿಟ್ ಒಪ್ಪುತ್ತೀರಾ ಎಂದು ಪ್ರವೇಶಕ್ಕೆ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸೇರುವ ಕೋರ್ಸಿಗೆ ಆ ವರ್ಷದ ಯುಜಿಸಿ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಆಲಿಮ್ ಸನದು ಪಡೆದವರ ಪ್ರಶ್ನೆ ಬೇರೆ. ಅಲಿಗಢ, ಜಾಮಿಯಾ ಮಿಲ್ಲಿಯಾ, ಮೌಲಾನಾ ಆಜಾದ್ ವಿಶ್ವವಿದ್ಯಾಲಯಗಳು ತಮ್ಮ ಪಟ್ಟಿಯಲ್ಲಿರುವ ಮದರಸಾಗಳ ಸನದನ್ನು ಕೆಲವು ಕೋರ್ಸುಗಳ ಪ್ರವೇಶಕ್ಕೆ ಅರ್ಹತೆಯಾಗಿ ಒಪ್ಪುತ್ತವೆ. ಅದು ಒಳಗೆ ಬರಲು ಬಾಗಿಲು. ಒಳಗಿನ ಪತ್ರಿಕೆಗಳಿಂದ ವಿನಾಯಿತಿ ಅಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ನಿರಾಶರಾಗುವುದು ಬೇಡ.

ಬಿ.ಇಡಿ., ಕಾನೂನು, ಔಷಧ ವಿಜ್ಞಾನ, ವೈದ್ಯಕೀಯ ಇವುಗಳಿಗೆ ಆಯಾ ಪರಿಷತ್ತಿನ ನಿಯಮವೇ ಅಂತಿಮ. ಮೇಲಿನ ಲೆಕ್ಕ ಅಲ್ಲಿಗೆ ಅನ್ವಯಿಸುತ್ತದೆಂದು ಭಾವಿಸಬೇಡಿ.

ನಾಲ್ಕನೇ ವರ್ಷ ಓದಿದವರು

ಕರ್ನಾಟಕದಲ್ಲಿ 2021-22ರಿಂದ ಮೂರು ತಂಡಗಳು ರಾಷ್ಟ್ರೀಯ ಶಿಕ್ಷಣ ನೀತಿಯಡಿ ಪದವಿಗೆ ಸೇರಿದವು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ತಂಡಗಳಲ್ಲಿ ನಾಲ್ಕನೇ ವರ್ಷ ಓದಿ ಆನರ್ಸ್ ಪದವಿ ಪಡೆದವರೂ ಇದ್ದಾರೆ. ಯುಜಿಸಿಯ 2024ರ ಸ್ನಾತಕೋತ್ತರ ಚೌಕಟ್ಟು ಅಂಥವರಿಗೆ ಒಂದು ವರ್ಷದ ಸ್ನಾತಕೋತ್ತರ ಪದವಿಯ ಅವಕಾಶ ಕೊಡುತ್ತದೆ. ನೀವು ಸೇರಬೇಕೆಂದಿರುವ ವಿಭಾಗದಲ್ಲಿ ಆ ಕೋರ್ಸ್ ನಡೆಯುತ್ತಿದೆಯೇ ಎಂದು ವಿಚಾರಿಸದೆ ಎರಡು ವರ್ಷದ್ದಕ್ಕೆ ಶುಲ್ಕ ಕಟ್ಟಬೇಡಿ. ಇದೇ ಚೌಕಟ್ಟಿನಲ್ಲಿ ಎರಡು ವರ್ಷದ ಕೋರ್ಸನ್ನು ಮೊದಲ ವರ್ಷಕ್ಕೆ ಬಿಡುವವರಿಗೆ ಸ್ನಾತಕೋತ್ತರ ಡಿಪ್ಲೊಮಾ ಸಿಗುತ್ತದೆ. ಡಿಪ್ಲೊಮಾ ತೆಗೆದುಕೊಳ್ಳುವ ಮೊದಲು, ಮುಂದೆ ಎರಡನೇ ವರ್ಷಕ್ಕೆ ಹೇಗೆ ಮರಳಬೇಕು ಎಂದು ಕೇಳಿಟ್ಟುಕೊಳ್ಳಿ.

ಹೊರದೇಶಕ್ಕೆ ಹೋಗುವವರಿಗೆ

ಇಲ್ಲಿ ಎಂ.ಎಸ್ಸಿ. ಅರ್ಧ ಮಾಡಿ ಅಮೆರಿಕಕ್ಕೋ ಯುರೋಪಿಗೋ ಹೋಗುವವರಿಗೆ ನಿರೀಕ್ಷೆ ಕಡಿಮೆ ಇರಲಿ. ಅಮೆರಿಕದ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್. ಹೊರಗಿನಿಂದ ಒಪ್ಪುವುದು ಬಹಳ ಕಡೆ 6ರಿಂದ 12 ಮಾತ್ರ. ಅದಕ್ಕೂ ಬಿ ಗ್ರೇಡ್ ಅಥವಾ ಮೇಲಿನದು ಬೇಕು, ಓದಿ ಹೆಚ್ಚು ವರ್ಷ ಆಗಿರಬಾರದು, ಆಗಲೇ ಪಡೆದ ಪದವಿಗೆ ಬಳಸಿರಬಾರದು. ಕ್ರೆಡಿಟ್ ಬಂದರೂ ಗ್ರೇಡ್ ಸಾಮಾನ್ಯವಾಗಿ ಅಲ್ಲಿನ ಸರಾಸರಿಗೆ ಸೇರದು. ಯುರೋಪಿನ ಕ್ರಮದಲ್ಲಿ ಒಂದು ವರ್ಷ ಎಂದರೆ 60 ಕ್ರೆಡಿಟ್, ನಮ್ಮಲ್ಲಿ 40. ನಮ್ಮ 40 ಕಡಿಮೆ ಎಂದು ಗಾಬರಿ ಬೇಡ; ಎರಡೂ ಒಂದೊಂದು ವರ್ಷದ ಓದೇ. ಅಂಕಿಯನ್ನು ಅಂಕಿಗೆ ಹೋಲಿಸದೆ ವರ್ಷವನ್ನು ವರ್ಷಕ್ಕೆ ಹೋಲಿಸಿ ಕೇಳಿ.

ನಮ್ಮ ಅರ್ಜಿಯಲ್ಲಿ ಆಗಿರುವ ಬದಲಾವಣೆ

ಈ ಸಾಲಿನಿಂದ ಸ್ನಾತಕೋತ್ತರ ಅರ್ಜಿ ನಮೂನೆಯಲ್ಲಿ ‘ಹಿಂದೆ ಓದಿ ಬಿಟ್ಟ ಕೋರ್ಸ್’ ಎಂಬ ಭಾಗ ಸೇರಿಸಿದ್ದೇವೆ. ಅಲ್ಲಿ ಸತ್ಯ ಬರೆದವರ ಅರ್ಜಿಯನ್ನು ಓದು ಬಿಟ್ಟ ಕಾರಣಕ್ಕೆ ಹಿಂದೆ ಸರಿಸುವುದಿಲ್ಲ. ಈ ಬಗ್ಗೆ ಯಾರೂ ಸಂಕೋಚಪಡಬೇಕಾಗಿಲ್ಲ. ಅಂಥವರು ಕ್ರೆಡಿಟ್ ಖಾತೆಯ ಮುದ್ರಿತ ಪ್ರತಿ, ಪಾಸಾದ ಸೆಮಿಸ್ಟರುಗಳ ಅಂಕಪಟ್ಟಿ ಮತ್ತು ಹೊಸ ವಿಶ್ವವಿದ್ಯಾಲಯಕ್ಕೆ ಕೊಟ್ಟ ಮನವಿಯ ಸ್ವೀಕೃತಿ ಲಗತ್ತಿಸಬೇಕು. ಮನವಿ ತಿರಸ್ಕೃತವಾಗಿದ್ದರೆ ಆ ಪತ್ರವನ್ನೇ ಇಡಿ. ಮೊದಲ ವರ್ಷದ ಶುಲ್ಕಕ್ಕೆ ನಿಮ್ಮ ಅರ್ಜಿಯನ್ನು ಇತರರ ಅರ್ಜಿಯಂತೆಯೇ ಪರಿಗಣಿಸುತ್ತೇವೆ. ಪಠ್ಯಕ್ರಮದ ದೃಢೀಕೃತ ಪ್ರತಿ, ವಲಸೆ ಪ್ರಮಾಣಪತ್ರ, ಸಮಾನತೆ ಅರ್ಜಿಯ ಶುಲ್ಕ ಇವುಗಳ ಖರ್ಚನ್ನು ವಿದ್ಯಾರ್ಥಿವೇತನದ ಹೊರತಾಗಿ, ರಸೀದಿ ತೋರಿಸಿದ ಮೇಲೆ ಟ್ರಸ್ಟ್ ಭರಿಸುತ್ತದೆ. ಈ ಖರ್ಚಿಗೆ ಝಕಾತ್ ಮುಟ್ಟುವುದಿಲ್ಲ, ಸಾಮಾನ್ಯ ದೇಣಿಗೆಯ ನಿಧಿಯಿಂದ ಕೊಡುತ್ತೇವೆ. ದಾನಿಗಳು ಲೆಕ್ಕಪತ್ರದಲ್ಲಿ ಇದನ್ನು ‘ದಾಖಲೆ ವೆಚ್ಚ’ ಎಂಬ ಪ್ರತ್ಯೇಕ ಸಾಲಿನಲ್ಲಿ ನೋಡಬಹುದು.