ಮಳೆಗಾಲದ ರಸ್ತೆ: ಕಂಡವರು ಮಾಡಬೇಕಾದದ್ದು



ಮಿರಗದ ಮಳೆ ಹಿಡಿಯಿತೆಂದರೆ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಭಾಗದ ನಮ್ಮ ಜನರ ಓಡಾಟ ಹೆಚ್ಚುತ್ತದೆ. ಬೀಜ-ಗೊಬ್ಬರಕ್ಕೆ ರೈತರು, ಮಾಲಿಗೆ ವ್ಯಾಪಾರಿಗಳು, ಲಗ್ನ-ಜಾತ್ರೆಗೆ ಮನೆಮಂದಿ ಎಲ್ಲರೂ ರಸ್ತೆಗೆ ಇಳಿಯುತ್ತಾರೆ. ಇಂಥ ಮಳೆಯಲ್ಲಿ ಒಬ್ಬ ಟೆಂಪೋದವನು ತಿರುವಿನಲ್ಲಿಯೇ ಮುಂದಿನ ಗಾಡಿಯನ್ನು ಹಿಂದಿಕ್ಕಿ ಹೋಗುವುದನ್ನು, ಲಾರಿಯೊಂದು ದೀಪವಿಲ್ಲದೆ ಅಡ್ಡಾದಿಡ್ಡಿ ಓಡುವುದನ್ನು ನಾವು ಕಾಣುತ್ತೇವೆ. “ಇವನು ಎಲ್ಲಿಯೋ ಹೋಗಿ ಬಡಿಯುತ್ತಾನೆ” ಎಂದು ಹೇಳಿ ನಮ್ಮ ದಾರಿ ಹಿಡಿಯುತ್ತೇವೆ. ಹಾಗೆ ಕಂಡವರು ಮಾಡಬೇಕಾದದ್ದೇನು ಎಂಬುದೇ ಈ ಸಲದ ಪಾಠ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಚಿನ್ನಟೇಕೂರು ಎಂಬಲ್ಲಿ ನಡೆದದ್ದನ್ನು ನೀವೆಲ್ಲ ಕೇಳಿದ್ದೀರಿ. ಮಳೆ ಹನಿಯುತ್ತಿತ್ತು. ಕುಡಿದಿದ್ದ ಒಬ್ಬ ಯುವಕ ಮೋಟಾರ್ ಸೈಕಲ್ ಜಾರಿ ಬಿದ್ದು ಸತ್ತ. ಗಾಡಿ ರಸ್ತೆಯ ಮೇಲೆಯೇ ಉಳಿಯಿತು. ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಅದರ ಮೇಲೆ ಹಾಯ್ದು ಅದನ್ನು ಎಳೆದುಕೊಂಡು ಹೋಯಿತು. ಬೆಂಕಿ ಹೊತ್ತಿ ಬಸ್ಸಿನೊಳಗಿನ 19 ಜನ ಸುಟ್ಟುಹೋದರು. ಅದಕ್ಕೂ ಸ್ವಲ್ಪ ಮೊದಲು ಆ ಯುವಕ ಪೆಟ್ರೋಲ್ ಬಂಕಿನಿಂದ ಓಲಾಡುತ್ತ ಗಾಡಿ ಓಡಿಸಿಕೊಂಡು ಹೋದದ್ದು ಅಲ್ಲಿಯ ಕ್ಯಾಮರಾದಲ್ಲಿ ಸೆರೆಯಾಗಿತ್ತು. ಆದರೆ ಕ್ಯಾಮರಾ ಯಾರಿಗೂ ಫೋನ್ ಮಾಡುವುದಿಲ್ಲ. ಆ ಕೆಲಸ ಮನುಷ್ಯರೇ ಮಾಡಬೇಕು.

ಅದಾದ ಹತ್ತೇ ದಿನಕ್ಕೆ, ನವೆಂಬರ್ 3ರಂದು, ದುಃಖ ನಮ್ಮ ಮನೆಬಾಗಿಲಿಗೇ ಬಂತು. ತಾಂಡೂರಿನಿಂದ ಹೈದರಾಬಾದಿಗೆ ಹೊರಟ ಸರ್ಕಾರಿ ಬಸ್ಸಿಗೆ ಚೇವೆಳ್ಳ ಹತ್ತಿರದ ಮಿರ್ಜಾಗುಡದಲ್ಲಿ ಕಂಕರ್ ತುಂಬಿದ ಟಿಪ್ಪರ್ ಎದುರಿನಿಂದ ಬಡಿಯಿತು. ಕಂಕರ್ ಬಸ್ಸಿನೊಳಕ್ಕೆ ಸುರಿದು ಜನ ಅದರಡಿ ಸಿಕ್ಕಿದರು. ಅಲ್ಲಿಯೂ 19 ಜೀವ ಹೋದವು. ಹೈದರಾಬಾದ್-ಬಿಜಾಪುರದ ಆ ಇಕ್ಕಟ್ಟಿನ ರಸ್ತೆಯಲ್ಲಿ ಎದುರಿನವನು ತಪ್ಪಿದರೆ ನಮಗೆ ಸರಿದುಕೊಳ್ಳಲು ಜಾಗವಿಲ್ಲ ಎಂಬುದು ಅಲ್ಲಿ ಓಡಾಡುವ ಎಲ್ಲರಿಗೂ ಗೊತ್ತು.

ಇನ್ನು ಮಳೆಯ ವಿಚಾರ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 25 ಮೀಟರ್ ಮುಗಿಯಿತು. ಅಲ್ಲಿಂದ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 20 ಮೀಟರ್ ಬೇಕಾದರೆ ತೊಯ್ದ ರಸ್ತೆಯಲ್ಲಿ 35 ಮೀಟರ್ ಬೇಕು. ಟೈರು ಸವೆದಿದ್ದರೆ, ಭಾರ ಹೆಚ್ಚಿದ್ದರೆ ಇನ್ನೂ ಹೆಚ್ಚು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಮೊದಲ ಮಳೆಯೇ ಎಲ್ಲಕ್ಕಿಂತ ಕೆಟ್ಟದ್ದು: ಬೇಸಿಗೆಯೆಲ್ಲ ಕೂತ ಎಣ್ಣೆ, ಧೂಳು ತೇಲಿ ರಸ್ತೆ ಸಾಬೂನಿನಂತಾಗುತ್ತದೆ. ತಾಂಡೂರಿನ ಕಡೆ ಇದಕ್ಕೆ ಕಲ್ಲಿನ ಪುಡಿಯೂ ಸೇರುತ್ತದೆ. ಹೊಲದಿಂದ ಬರುವ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ತಂದು ಹರಡುತ್ತವೆ. (ಇದು ನಮ್ಮವರದೇ ಕೆಲಸ. ರಸ್ತೆಗೆ ಏರುವ ಮೊದಲು ಗಾಲಿಯ ಮಣ್ಣು ಕೆರೆದು ಹಾಕಿದರೆ ಎಷ್ಟು ಹೊತ್ತು ಹಿಡಿದೀತು?)

ಹುಚ್ಚಾಪಟ್ಟೆ ಓಡಿಸುವವನು ನಿಮ್ಮ ಹಿಂದೆ ಇದ್ದರೆ ವೇಗ ಇಳಿಸಿ, ಎಡಕ್ಕೆ ಸರಿದು ದಾರಿ ಬಿಡಿ. ಮುಂದೆ ಇದ್ದರೆ ಅವನಿಂದ ದೂರ ಉಳಿಯಿರಿ. ಬೆನ್ನಟ್ಟಿ ಬುದ್ಧಿ ಹೇಳುತ್ತೇನೆಂದು ಹೊರಡುವವರು, ಅಡ್ಡ ಹಾಕುವವರು ತಾವೇ ಎರಡನೆಯ ಅಪಾಯವಾಗುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ಓಡಿಸುವುದಂತೂ ಬೇಡವೇ ಬೇಡ. ಪಕ್ಕದಲ್ಲಿ ಕೂತವರು ಗಾಡಿಯ ನಂಬರು ನೆನಪಿಟ್ಟರೆ ಸಾಕು. ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡುವ ರೂಢಿಯೂ ತಪ್ಪು. ಅದು ನಿಂತ ಗಾಡಿಯ ಗುರುತು. ಓಡುವಾಗ ಹಾಕಿದರೆ ನೀವು ಯಾವ ಕಡೆ ತಿರುಗುತ್ತೀರೆಂದು ಹಿಂದಿನವನಿಗೆ ತಿಳಿಯುವುದಿಲ್ಲ. ಹೆಡ್‌ಲೈಟ್ ಹಾಕಿ, ತಗ್ಗಿಸಿಕೊಳ್ಳಿ.

ಬಳಿಕ ಸುರಕ್ಷಿತ ಜಾಗದಲ್ಲಿ ನಿಂತು 112ಕ್ಕೆ ಫೋನ್ ಮಾಡಿರಿ. ಗಡಿಯಲ್ಲಿ ಟವರ್ ಬದಲಾಗಿ ಕರೆ ಆಚೆಯ ರಾಜ್ಯಕ್ಕೆ ಹೋಗಬಹುದು. ಆದ್ದರಿಂದ ರಾಜ್ಯ, ಜಿಲ್ಲೆ ಮೊದಲು ಹೇಳಿ. ಆಮೇಲೆ ಯಾವ ರಸ್ತೆ, ಯಾವ ಊರು ದಾಟಿ ಯಾವ ಕಡೆಗೆ ಹೋಗುತ್ತಿದ್ದಾನೆ, ಗಾಡಿ ಯಾವುದು, ಬಣ್ಣ, ನಂಬರು. ನಂಬರು ಪೂರ್ತಿ ಕಾಣದಿದ್ದರೆ ಕಂಡಷ್ಟೇ ಹೇಳಿ. ಕೊಡಂಗಲ್ ದಾಟಿದ ಲಾರಿ ಪರಿಗಿ ಮುಟ್ಟುವುದರೊಳಗೆ ತಡೆಯಲು ಅಷ್ಟು ಸಾಕು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ರಸ್ತೆಯ ಮೇಲೆ ಬಿದ್ದ ಗಾಡಿ, ಮುರಿದ ಮರ ಕಂಡರೂ ಹೀಗೆಯೇ. “ಏನೂ ಆಗಿಲ್ಲವಲ್ಲ, ಪೋಲೀಸರಿಗೆ ಏನು ಹೇಳುವುದು?” ಎಂದು ಕೆಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಲ್ಲಿ ಅಪಾಯಕಾರಿಯಾಗಿ ಓಡಿಸುವುದೇ ಅಪರಾಧ. ಅಪಘಾತ ಆಗಿಯೇ ಇರಬೇಕೆಂದಿಲ್ಲ.

ಎಲ್ಲಕ್ಕೂ ಕಠಿಣವಾದದ್ದು ನಾವು ಕೂತ ಗಾಡಿಯ ಡ್ರೈವರನೇ ಹಾಗೆ ಓಡಿಸುವಾಗ. ಅವನು ನಮ್ಮ ಊರಿನವನು, ಬೀಗರ ಮಗ, ಬಾಡಿಗೆ ಕಡಿಮೆ ಮಾಡಿದವನು. ಹಿರಿಯರಿದ್ದಾರೆ, ಅವರೇ ಹೇಳಲಿ ಎಂದು ಕಿರಿಯರು ಸುಮ್ಮನಿರುತ್ತಾರೆ. ಹಿರಿಯರು ಅವನಿಗೆ ಬೇಸರವಾದೀತೆಂದು ಸುಮ್ಮನಿರುತ್ತಾರೆ. ಹಿಂದೆ ಕೂತ ಹೆಣ್ಣುಮಕ್ಕಳು ಮೊದಲೇ ಹೆದರಿರುತ್ತಾರೆ, ಅವರ ಮಾತು ಮುಂದಿನ ಸೀಟಿಗೆ ಮುಟ್ಟುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಸಂಕೋಚಕ್ಕೆ ಜಾಗವಿಲ್ಲ. “ತಮ್ಮಾ, ಸಾವಕಾಶ ಹೊಡಿ, ನಮಗ ಗಡಬಡಿ ಇಲ್ಲ” ಎಂದು ಒಮ್ಮೆ ಹೇಳಿ. ಕೇಳದಿದ್ದರೆ “ಚಹಾ ಕುಡಿಯೋಣ, ನಿಲ್ಲಸು” ಎನ್ನಿ. ನಿಂತ ಮೇಲೆ ಕುಡಿದಿದ್ದಾನೋ ನಿದ್ದೆಗೆಟ್ಟಿದ್ದಾನೋ ತಿಳಿಯುತ್ತದೆ. ಎರಡರಲ್ಲಿ ಯಾವುದಿದ್ದರೂ ಮತ್ತೆ ಹತ್ತಬೇಡಿರಿ. ಲಗ್ನದ ಅಕ್ಕಿಕಾಳು ತಪ್ಪಿದರೆ ತಪ್ಪಲಿ.

ಅಪಘಾತ ಕಣ್ಣೆದುರೇ ಆದರೆ 108ಕ್ಕೆ ಕರೆದು ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸಿ. ಕೇಸಿನಲ್ಲಿ ಸಿಕ್ಕಿಬೀಳುತ್ತೇವೆಂಬ ಹೆದರಿಕೆ ಹಳೆಯದು. ಸಹಾಯ ಮಾಡಿದವರನ್ನು ಕಾಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಮೇ ಬಂತು. 2025ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಂತೆ ಗಾಯಾಳುವಿಗೆ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದಿಲ್ಲದ ಚಿಕಿತ್ಸೆ ಇದೆ. ಕರೆದೊಯ್ದವರು ದುಡ್ಡು ಕಟ್ಟಬೇಕಾಗಿಲ್ಲ. ಹೆಸರು-ವಿಳಾಸ ಕೇಳಿದರೆ ಹೇಳುವುದೂ ಬಿಡುವುದೂ ನಿಮ್ಮ ಇಚ್ಛೆ.