ಕವಾಟ ಸೋರಿಕೆ: ಮಾತ್ರೆ ಯಾಕೆ ನಿಲ್ಲಿಸಬಾರದು?



"ಕಾಲಿನ ಊತ ಇಳೀತಲ್ಲ ಸಿಸ್ಟರ್, ಇನ್ಯಾಕೆ ಮಾತ್ರೆ?" ಸಂಘದ ಸಭೆಗಳಲ್ಲಿ ಈ ಮಾತು ಕೇಳುತ್ತಲೇ ಇರುತ್ತೇವೆ. ಈ ಸಲದ ಪಾಠ ಇದರ ಬಗ್ಗೆ.

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬರದಂತೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರುತ್ತದೆ, ಹೃದಯ ಹೆಚ್ಚು ದುಡಿದು ದುಡಿದು ಹಿಗ್ಗುತ್ತದೆ. ನಡೆದರೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಎದೆ ಡವಡವ, ಕಾಲು ಊತ. ಹೊಗೆಸೊಪ್ಪಿನ ಬ್ಯಾರನ್ ಕೆಲಸದ ಸುಸ್ತು ಅಂತ ಸುಮ್ಮನಿರಬೇಡಿ.

ಮಾತ್ರೆಯಿಂದ ಸೋರಿಕೆ ಮುಚ್ಚುವುದಿಲ್ಲ. ಅದು ಹೃದಯದ ಹೊರೆ ಇಳಿಸುತ್ತದೆ, ಅಷ್ಟೆ. ಫ್ರುಸೆಮೈಡ್‌ನಂಥ ನೀರಿಳಿಸುವ ಮಾತ್ರೆ, ಕಾಲಲ್ಲಿ ಮತ್ತು ಶ್ವಾಸಕೋಶದಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಊತ ಇಳಿದದ್ದೇ ಅದರಿಂದ. ನಿಲ್ಲಿಸಿದರೆ ನೀರು ಮತ್ತೆ ತುಂಬಬಹುದು. ಬಸ್ಸಿನಲ್ಲಿ ಹೋಗುವ ದಿನ ಮೂತ್ರಕ್ಕೆ ಅವಸರವಾಗುತ್ತೆ ಅಂತ ಮಾತ್ರೆ ಬಿಡುವವರು ಬಹಳ. ಹೆಂಗಸರ ಈ ಕಷ್ಟ ನಿಜವಾದದ್ದೇ. ಬಿಡುವ ಬದಲು, ನುಂಗುವ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ, ನಾಚಬೇಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಉಪ್ಪು ನೀರನ್ನು ಹಿಡಿದಿಡುತ್ತದೆ.

ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರ ಕವಾಟ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಿಗೆ ಗಂಟಲು ನೋವು ಬಂದು ಹೋಗುತ್ತದೆ. ಎರಡು ಮೂರು ವಾರದ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ನೋವು. ಕೀಲು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಜ್ವರ ಮರುಕಳಿಸಿದಷ್ಟೂ ಗಾಯ ಹೆಚ್ಚು. ಅದಕ್ಕೇ 3-4 ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ, ಅದೂ ಎಷ್ಟೋ ವರ್ಷ. ಜಾತ್ರೆ, ಪರೀಕ್ಷೆ ಅಂತ ತಪ್ಪಿಸಬಾರದು.

ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ. ಮದುವೆ ತಪ್ಪೀತು ಅಂತ ಕಾಯಿಲೆ ಮುಚ್ಚಿಟ್ಟು ಮಾತ್ರೆ ಬಿಡಿಸುತ್ತಾರೆ. ಬಸುರಿಯಾದಾಗ ಹೃದಯದ ಕೆಲಸ ಹೆಚ್ಚುತ್ತದೆ, ಆಗ ಜೀವಕ್ಕೇ ಕುತ್ತು. ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್ ಮಾತ್ರೆ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಲ್ಲದು, ತಾವಾಗಿ ನಿಲ್ಲಿಸಿದರೆ ತಾಯಿಗೆ ಅಪಾಯ. ಗರ್ಭ ಧರಿಸುವ ಮೊದಲೇ ಹೃದಯದ ಡಾಕ್ಟರರ ಹತ್ತಿರ ಮಾತಾಡಬೇಕು.

ಸೋರಿಕೆ ಎಷ್ಟಿದೆ ಎಂದು ಎಕೋ ಪರೀಕ್ಷೆಯಲ್ಲಿ ತಿಳಿಯುತ್ತದೆ. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಇದನ್ನು ಮಾಡುತ್ತಾರೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೇ ಚೀಟಿಗಳು ಜೊತೆಗಿರಲಿ. ಸೋರಿಕೆ ಹೆಚ್ಚಾಗಿ ಡಾಕ್ಟರು ಆಪರೇಷನ್ ಅಂದರೆ, ಮಾತ್ರೆಯಲ್ಲೇ ದಿನ ದೂಡಬೇಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ: ಸೂಜಿಯ ತಾರೀಖನ್ನು ಮನೆಯವರು ಒಪ್ಪಿದರೆ ಸಂಘದ ಪುಸ್ತಕದಲ್ಲಿ ಬರೆದಿಟ್ಟು ನೆನಪಿಸಬಹುದೇ? ಮೈಸೂರಿಗೆ ಹೋಗಿಬರುವ ಖರ್ಚಿಗೆ ಸಂಘದಿಂದ ತುರ್ತು ಸಾಲ ಕೊಡಬಹುದೇ?